ಚಾಲಿ ಹೇಗುಂಟು?

ಕಬಕದ ಹೆಸರು ಹೊತ್ತ ರೈಲು ನಿಲ್ದಾಣ ಇರುವುದು ಪುತ್ತೂರು ಪೇಟೆಯಲ್ಲಿ. ಹೆಸರು ಒಂದು ಕಡೆ, ವಸ್ತು ಇನ್ನೊಂದು ಕಡೆ ಇರುವುದು ಈ ಊರವರಿಗೆ ಹೊಸತಲ್ಲ. ಆದರೂ ಇಲಿಯಣ್ಣನ ಮನೆಯ ಚಾಲಿ ಅವರನ್ನು ಕಕ್ಕಾಬಿಕ್ಕಿ ಮಾಡಿತು. ಇಲ್ಲಿ ಚಾಲಿ ಎಂದರೆ ಬಿಸಿಲಲ್ಲಿ ಒಣಗಿಸಿ ಸುಲಿದ ಬಿಳಿ ಅಡಿಕೆ. ಅದರ ಧಾರಣೆ ನೋಡಿಯೇ ಮದುವೆಯ ಚಪ್ಪರದ ಅಳತೆ ನಿರ್ಧಾರವಾಗುತ್ತದೆ. ಇಲಿಯಣ್ಣನ ಚಾಲಿಯೂ ಬಿಳಿಯೇ. ಆದರೆ ಅದಕ್ಕೆ ಬಾಲ ಉಂಟು.

ಅಡಿಕೆ ಅಂಗಡಿಯಲ್ಲಿ ಯಾರೋ, “ಚಾಲಿ ಹೇಗುಂಟು ಭಾವ?” ಎಂದು ಕೇಳಿದ್ದಕ್ಕೆ ಇಲಿಯಣ್ಣ ನಿಟ್ಟುಸಿರು ಬಿಟ್ಟರು. “ಇಳಿದಿದೆ ಮಾರಾಯ್ರೆ. ನಿನ್ನೆಯಿಂದ ಗಂಜಿಯೂ ಮುಟ್ಟಲಿಲ್ಲ.”

ಮುದ್ದಿನ ಪ್ರಾಣಿಯ ಕಾಯಿಲೆಯನ್ನು ಊರಿನ ಕಾಯಿಲೆಯಾಗಿಸುವವರು ಎಲ್ಲೆಡೆ ಇದ್ದಾರೆ. ಮದುವೆಯ ಪಂಕ್ತಿಯಲ್ಲಿ ಪಾಯಸ ಬರುವ ಹೊತ್ತಿಗೆ ಸರಿಯಾಗಿ ನಾಯಿಯ ಚರ್ಮರೋಗದ ಫೋಟೊ ತೋರಿಸುವವರು, ಬೆಕ್ಕಿಗೆ ಬೇಧಿಯಾದರೆ “ನಮಗೆ ಹುಷಾರಿಲ್ಲ” ಎನ್ನುವವರು ಇದೇ ಬಳಗ. ಇಲಿಯಣ್ಣ ಆ ಬಳಗದಲ್ಲೂ ಒಂದು ಮೆಟ್ಟಿಲು ಮೇಲೆ. ಅವರು ಕನಿಕರ ಬೇಡುವುದು ಇಲಿಗಾಗಿ, ಅದೂ ತೆಂಗಿನ ಮಿಡಿ ಕೊರೆದು ಉದುರಿಸುವ, ಕೊಕ್ಕೋ ಕಾಯಿ ತೂತು ಮಾಡುವ, ಮಳೆಗಾಲದಲ್ಲಿ ಇಲಿಜ್ವರದ ಭಯ ಹುಟ್ಟಿಸುವ ಜಾತಿಗಾಗಿ. ಪುತ್ತೂರಿನಲ್ಲಿ ಕ್ಯಾಂಪ್ಕೊ 1986ರಲ್ಲಿ ಚಾಕಲೇಟ್ ಕಾರ್ಖಾನೆ ತೆರೆಯಿತು. ಈ ಸೀಮೆಯ ಇಲಿಗಳು ಕೊಕ್ಕೋ ಸವಿಯಲು ಅಲ್ಲಿಯವರೆಗೆ ಹೋಗಬೇಕಾಗಿಲ್ಲ. ಇದನ್ನೆಲ್ಲ ಹೇಳಿದರೆ ಇಲಿಯಣ್ಣನಿಂದ ಒಂದೇ ಉತ್ತರ: “ಅವೆಲ್ಲ ಕಾಡು ಬಡ್ಡಿಮಕ್ಕಳು. ಇದು ವಿಸ್ಟಾರ್ ಗೋತ್ರ.” ಅಮೆರಿಕದ ವಿಸ್ಟಾರ್ ಸಂಸ್ಥೆಯಲ್ಲಿ 1906ರಲ್ಲಿ ರೂಪುಗೊಂಡ ಪ್ರಯೋಗಾಲಯದ ಬಿಳಿ ಇಲಿಯ ತಳಿ ಅದು.

ಈ ಪ್ರವರವನ್ನು ಅತಿ ಹೆಚ್ಚು ಸಲ ಕೇಳಿದವನು ಪಕ್ಕದ ಮನೆಯವನು. ಅವನ ಅಟ್ಟದಲ್ಲಿ ಎರಡು ಇಲಿಬೋನು ಸದಾ ಸನ್ನದ್ಧ. ಈ ಲೇಖನ ಬರೆಯುತ್ತಿರುವವನೂ ಅವನೇ ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಅವನಿಗೆ ಜಗಲಿಯಲ್ಲಿ ದಂತಶಾಸ್ತ್ರದ ಪಾಠವೂ ಆಯಿತು. ಇಲಿಗೆ 16 ಹಲ್ಲು: ಬಾಚಿಹಲ್ಲು 4, ದವಡೆಹಲ್ಲು 12. ಬಾಚಿಹಲ್ಲು ಬದುಕಿರುವಷ್ಟು ದಿನವೂ ವಾರಕ್ಕೆ 2–3 ಮಿಲಿಮೀಟರ್ ಬೆಳೆಯುತ್ತದೆ. ಮೇಲಿನದ್ದೂ ಕೆಳಗಿನದ್ದೂ ಒಂದಕ್ಕೊಂದು ಉಜ್ಜಿಕೊಂಡರೆ ಉಳಿಯಂತೆ ಹರಿತ. ಸಾಲು ತಪ್ಪಿದರೆ ಉಜ್ಜುವುದು ನಿಂತು, ಹಲ್ಲು ಡೊಂಕಾಗಿ ಬೆಳೆದು ತುಟಿಗೋ ಅಂಗುಳಕ್ಕೋ ಚುಚ್ಚುತ್ತದೆ. ಹಲ್ಲಿನ ಹಳದಿ ಬಣ್ಣ ಕೊಳೆಯಲ್ಲ, ಎನಾಮೆಲಿನಲ್ಲಿರುವ ಕಬ್ಬಿಣದ ಅಂಶ. ಇಷ್ಟನ್ನೂ ನೆರೆಯವನು ಎಲೆಯಡಿಕೆ ಜಗಿಯುತ್ತಾ ಕೇಳಿದ. ಪಾಠ ಮುಗಿಸಿದ ಇಲಿಯಣ್ಣ ಅವನ ಹಲ್ಲಿನ ಕಡೆ ನೋಡಿ, ಏನೋ ಹೇಳಲು ಹೊರಟು, ಬಿಟ್ಟರು.

ಚಾಲಿ ಗೂಡಿನ ಸರಳು ಕಚ್ಚಿ ಕೆಳಹಲ್ಲು ಮುರಿದುಕೊಂಡಿತ್ತು. ಮತ್ತೆ ಬೆಳೆದದ್ದು ಸೊಟ್ಟಗೆ, ಬುಡದಲ್ಲಿ ಕೀವು. “ಉಗುರು ಕಟರಿನಲ್ಲಿ ಕತ್ತರಿಸಿದರಾಯಿತಲ್ಲ” ಎಂದ ನೆರೆಯವನಿಗೆ ಎರಡು ದಿನ ಮಾತಿಲ್ಲ. ಹಾಗೆ ಕತ್ತರಿಸಿದರೆ ಹಲ್ಲು ಬುಡದವರೆಗೂ ಸೀಳಬಹುದಂತೆ. ಮೂರನೆಯ ದಿನ ಮಾತು ಬಂತು: “ಮಂಗಳೂರಿಗೆ ನಿಮ್ಮ ಕಾರು ಸಿಕ್ಕೀತಾ?”

ಮಾಣಿ ದಾಟಿ ಕಲ್ಲಡ್ಕ. ಅಲ್ಲಿ ಕೆ.ಟಿ., ಅಂದರೆ ಕಲ್ಲಡ್ಕ ಟೀ, ಕುಡಿಯದೆ ಮುಂದೆ ಹೋಗುವುದುಂಟೆ? ಲೋಟದಲ್ಲಿ ಕೆಳಗೆ ಹಾಲು, ಮೇಲೆ ಚಹಾ, ಒಂದಕ್ಕೊಂದು ಬೆರೆಯದೆ ನಿಂತಿದ್ದವು. ಇಲಿಯಣ್ಣ ಮುಟ್ಟಲಿಲ್ಲ, ಅವರಿಗೆ ಉಪವಾಸ. ಇಲಿಗೆ ಉಪವಾಸ ಬೇಡವೆಂದು ವೈದ್ಯರು ಮೊದಲೇ ಹೇಳಿದ್ದರು: ಇಲಿಗೆ ವಾಂತಿ ಮಾಡಲು ಬರುವುದಿಲ್ಲ, ಹಾಗಾಗಿ ಅರಿವಳಿಕೆಗೆ ಹೊಟ್ಟೆ ಖಾಲಿ ಇರಬೇಕೆಂದಿಲ್ಲ. ಅದರ ಪಾಲಿನ ಉಪವಾಸವನ್ನು ಇವರು ವಹಿಸಿಕೊಂಡಿದ್ದರು. ಜೊತೆಗೆ ಮಧೂರು ಗಣಪತಿಗೆ ಅಪ್ಪದ ಹರಕೆ. ವಾಹನದ ಹಲ್ಲುನೋವಿನ ಅಹವಾಲು ಏಕದಂತನಿಗಲ್ಲದೆ ಇನ್ನಾರಿಗೆ?

ಕೆಳಗಿನ ಎರಡೂ ಬಾಚಿಹಲ್ಲು ಹೋದವು. ಚಾಲಿ ಬದುಕಿತು. ನೆರೆಯವನ ಕಷ್ಟ ಶುರುವಾದದ್ದು ಆಮೇಲೆ.

ನಾಲ್ಕನೆಯ ದಿನ ಇಲಿಯಣ್ಣ ಉಪ್ಪಿನಂಗಡಿಯಲ್ಲಿ ಹತ್ತಿರದವರ ಮದುವೆಗೆ ಹೋಗಲೇಬೇಕಾಯಿತು. ಬೀಗದ ಕೈಯೊಂದಿಗೆ ಎರಡು ಪುಟದ ಆದೇಶ ಬಂತು. ಮರದ ಹೊಟ್ಟು ಗಾಯಕ್ಕೆ ಅಂಟುತ್ತದೆ, ಹಳೆ ಪಂಚೆಯನ್ನೇ ಹಾಸಬೇಕು. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಬೇಕು. ಗಂಜಿ ನುಣ್ಣಗಿರಬೇಕು, ಬಾಳೆಹಣ್ಣು ಕಿವುಚಿರಬೇಕು. ನೋವಿನ ಮದ್ದು ಸೂಜಿಯಿಲ್ಲದ ಸಿರಿಂಜಿನಲ್ಲಿ, ಎಣಿಸಿದ ಹನಿ. ತೂಕವನ್ನು ಗ್ರಾಮಿನಲ್ಲಿ ಬರೆದಿಡಬೇಕು. ಹಿಕ್ಕೆಯನ್ನೂ ಲೆಕ್ಕ ಹಾಕಬೇಕು.

ಅಟ್ಟದಲ್ಲಿ ಬೋನು ಇಟ್ಟವನು ಕೆಳಗೆ ಕೂತು ಇಲಿಯ ಹಿಕ್ಕೆ ಎಣಿಸಿದ. ಹನ್ನೆರಡಕ್ಕೆ ಗೂಡಿಗೆ ಇಣುಕಿದರೆ ಚಾಲಿಯ ಕಣ್ಣಂಚಿನಲ್ಲಿ ಕೆಂಪು! ಅವನ ಕೈ ನಡುಗಿತು. ಫೋನು ಹೋದದ್ದು ಹೋಳಿಗೆ ಬಡಿಸುತ್ತಿದ್ದ ಪಂಕ್ತಿಗೆ. “ರಕ್ತ ಅಲ್ಲ ಮಾರಾಯ್ರೆ, ಕಣ್ಣಿನ ಹಿಂದಿನ ಗ್ರಂಥಿಯ ಬಣ್ಣ. ಪೋರ್ಫೈರಿನ್. ನೋವಿದ್ದರೆ ಹೆಚ್ಚು ಬರುತ್ತದೆ” ಎಂದು ಸಮಾಧಾನ ಹೇಳಿದ ಇಲಿಯಣ್ಣ, ಮುಕ್ಕಾಲು ಗಂಟೆಯಲ್ಲಿ ಮನೆ ಬಾಗಿಲಲ್ಲಿದ್ದರು. ಕೈ ತೊಳೆದಂತೆ ಕಾಣಲಿಲ್ಲ.

ಅಸಲಿಗೆ ಚಾಲಿ ಅವರದ್ದಲ್ಲ. ಮಗ ಬೆಂಗಳೂರಿನಲ್ಲಿ ಸಾಕಿದ್ದು. ಹೊರದೇಶಕ್ಕೆ ಹೊರಟಾಗ “ಎರಡು ತಿಂಗಳು ನೋಡಿಕೊಳ್ಳಿ ಅಪ್ಪ” ಎಂದು ಬಿಟ್ಟುಹೋದ. ಒಂದೂವರೆ ವರ್ಷ ಕಳೆದಿದೆ. ಸಾಕಿದ ಇಲಿಯ ಆಯುಸ್ಸು ಎರಡು, ಹೆಚ್ಚೆಂದರೆ ಮೂರು ವರ್ಷ. ಮೊದಲು ಮಗನ ಫೋನು ತಿಂಗಳಿಗೊಮ್ಮೆ ಬರುತ್ತಿತ್ತು. ಹಲ್ಲಿನ ಸಂಗತಿ ತಿಳಿದಂದಿನಿಂದ ದಿನವೂ. ಗಾಯ ಮಾಗಿ, ಚಾಲಿ ಹಿಂದಿನ ಹಲ್ಲಿನಿಂದಲೇ ಅನ್ನ ಮೆಲ್ಲುತ್ತಿದ್ದ ಒಂದು ಸಂಜೆ, ಬೇಲಿಯಾಚೆಯಿಂದ ಇಲಿಯಣ್ಣನ ದನಿ ಕೇಳಿತು: “ಪೂರ್ತಿ ಗುಣ ಆಗ್ಲಿಲ್ಲ ಮಗಾ. ಇನ್ನೂ ಸ್ವಲ್ಪ ದಿನ ಬೇಕೋ ಏನೋ. ನಾಳೆ ಫೋನು ಮಾಡು, ಹೇಳ್ತೇನೆ.”

ನೆರೆಯವನು ಕೆಮ್ಮದೆ, ಸದ್ದಾಗದಂತೆ ಒಳಗೆ ಬಂದ.

ಮೊನ್ನೆ ಅಡಿಕೆ ಅಂಗಡಿಯಲ್ಲಿ ಯಾರೋ ಅವನನ್ನೇ ಕೇಳಿದರು, “ಚಾಲಿ ಹೇಗುಂಟು?”

“6 ಏರಿದೆ.”

“ಆರು ರೂಪಾಯಿಯಾ?”

“ಗ್ರಾಂ,” ಎಂದ.