ಅಬ್ಜೆಕ್ಷನ್‌ಗೆ ಒಂದು ಬಹಿರಂಗ ಪತ್ರ

ಮಾನ್ಯ ಅಬ್ಜೆಕ್ಷನ್ ಅವರಿಗೆ,

ನೀವು ಇಂಗ್ಲಿಷಿನಿಂದ ಬಂದವರಾದರೂ ನಮ್ಮವರೇ ಆಗಿಹೋಗಿದ್ದೀರಿ. ಸಿನಿಮಾದ ಕೋರ್ಟು ಸೀನಿನಲ್ಲಿ ಕರಿಕೋಟಿನವರು ಎದ್ದು ನಿಂತರೆ ಮೊದಲು ಕೇಳಿಸುವುದು ನಿಮ್ಮ ಹೆಸರು. ಅಣ್ಣಂದಿರು ತನ್ನನ್ನು ಬಿಟ್ಟು ಜಮೀನಿನ ಖಾತೆ ಮಾಡಿಸಿಕೊಳ್ಳಲು ಹೊರಟಾಗ ತಂಗಿಯೊಬ್ಬಳು ತಾಲ್ಲೂಕು ಕಚೇರಿಗೆ ಹೋಗಿ "ಅಬ್ಜೆಕ್ಷನ್ ಹಾಕಿದೀನಿ" ಎನ್ನುತ್ತಾಳಲ್ಲ, ಅಲ್ಲಿ ನಿಮ್ಮ ಮೇಲೆ ನನಗೆ ತುಂಬು ಗೌರವ. ಆಸ್ತಿಯಲ್ಲಿ ಅವಳಿಗೆ ಪಾಲಿದೆ, ಅದಕ್ಕೇ ಕೇಳುತ್ತಾಳೆ.

ಉಪನೋಂದಣಾಧಿಕಾರಿ ಕಚೇರಿಯ ನೋಟಿಸ್ ಬೋರ್ಡಿನಲ್ಲಿ ಮಾತ್ರ ನಿಮ್ಮನ್ನು ಒಪ್ಪಲಾರೆ. 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವ ಜೋಡಿ ಮೊದಲು ನೋಟಿಸು ಕೊಡಬೇಕು. ಇಬ್ಬರ ಹೆಸರು, ವಯಸ್ಸು, ಉದ್ಯೋಗ, ಮನೆ ವಿಳಾಸ ಇರುವ ಆ ಹಾಳೆ ಬೋರ್ಡಿಗೆ ಹೋಗುತ್ತದೆ. ಮುಂದಿನ 30 ದಿನ ಯಾರು ಬೇಕಾದರೂ ನಿಮ್ಮನ್ನು ಹಾಕಬಹುದು. ಕ್ರಯಪತ್ರಕ್ಕೆ ಬಂದವರು ತಮ್ಮ ಸರದಿ ಬರುವ ತನಕ ನಿಂತು ಅದನ್ನೇ ಓದುತ್ತಾರೆ. ಎರಡು ಹೆಸರು ನೋಡಿದರೆ ಸಾಕು, ಧರ್ಮ ಬೇರೆ ಎಂದು ಗೊತ್ತಾಗುತ್ತದೆ. ಒಬ್ಬರು ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡರೆ ಸಂಜೆಯೊಳಗೆ ಅದು ಊರಿನ ವಾಟ್ಸಾಪ್ ಗ್ರೂಪಿನಲ್ಲಿ. ಮನೆಯವರ ಕಣ್ಣು ತಪ್ಪಿಸಿ ಬಂದ ಹುಡುಗಿ ಆ ಒಂದು ತಿಂಗಳು ಎಲ್ಲಿರಬೇಕು?

ಕಾಯ್ದೆಯ 4ನೇ ಕಲಂ ಕೇಳುವುದು ಸ್ವಲ್ಪವೇ. ಬದುಕಿರುವ ಗಂಡನೋ ಹೆಂಡತಿಯೋ ಇರಬಾರದು, ಒಪ್ಪಿಗೆ ಕೊಡುವಷ್ಟು ಬುದ್ಧಿ ಸ್ಥಿಮಿತದಲ್ಲಿರಬೇಕು, ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು, ನಿಷಿದ್ಧ ಸಂಬಂಧವಾಗಿರಬಾರದು. ಜಾತಿಯ ಮಾತಿಲ್ಲ, ಧರ್ಮದ ಮಾತಿಲ್ಲ, ಅಪ್ಪ ಅಮ್ಮ ಒಪ್ಪಬೇಕೆಂದೂ ಇಲ್ಲ. ಆದರೂ ಇವನ್ನೇ ಮನಸ್ಸಿನಲ್ಲಿಟ್ಟುಕೊಂಡು ನಿಮ್ಮ ಹೆಸರಿನಲ್ಲಿ ಅರ್ಜಿ ಬರೆಯುತ್ತಾರೆ. ವಿಚಾರಣೆಗೆ ಇನ್ನೂ 30 ದಿನ. ಕೊನೆಗೆ ಅದು ದುರುದ್ದೇಶದ್ದೆಂದು ಕಂಡರೂ ಕೊಡಿಸಬಹುದಾದ ಪರಿಹಾರ ಹೆಚ್ಚೆಂದರೆ 1,000 ರೂಪಾಯಿ. ಹಿಂದೂ ವಿವಾಹ ಕಾಯ್ದೆಯ ಷರತ್ತುಗಳೂ ಹೆಚ್ಚುಕಡಿಮೆ ಇವೇ. ಆದರೆ ಛತ್ರದಲ್ಲಿ ತಾಳಿ ಕಟ್ಟುವವರು ಮೊದಲು ಊರಿನವರ ಮುಂದೆ ನೋಟಿಸು ಹಚ್ಚಬೇಕೆಂದು ಯಾರೂ ಹೇಳಿಲ್ಲ. ಈ ಭೇದ ನನಗೆ ಸಹಿಸಲಾಗದು.

ಮೊದಲನೇ ಹೆಂಡತಿಯನ್ನು ಮುಚ್ಚಿಟ್ಟು ಮದುವೆಗೆ ಹೊರಟವನನ್ನು ತಡೆಯುವುದು ಬೇಡವೇ ಎಂದು ಕೇಳುತ್ತಾರೆ. ಖಂಡಿತ ಬೇಕು. ಆದರೆ ದೂರದ ಊರಿನಲ್ಲಿರುವ ಆ ಹೆಂಡತಿ ಬೋರ್ಡು ನೋಡುವುದೆಲ್ಲಿಂದ ಬಂತು? ಅದನ್ನು ಹುಡುಕಿಕೊಂಡು ಬರುವವರೇ ಬೇರೆ. ವಯಸ್ಸಿನ ದಾಖಲೆ, ಅಫಿಡವಿಟ್ಟು, ಹಿಂದಿನ ಮದುವೆಯ ವಿಚ್ಛೇದನದ ಡಿಕ್ರಿ ಎಲ್ಲವನ್ನೂ ಅಧಿಕಾರಿಯೇ ತರಿಸಿ ಪರಿಶೀಲಿಸಲಿ. ಸುಳ್ಳು ಹೇಳಿದವರ ಮೇಲೆ ಕೇಸು ಹಾಕಲಿ.

ಕೇರಳ 2020ರಲ್ಲಿ ಇಂಥ ನೋಟಿಸುಗಳನ್ನು ವೆಬ್‌ಸೈಟಿಗೆ ಹಾಕುವುದನ್ನು ನಿಲ್ಲಿಸಿತು. 2021ರ ಜನವರಿಯಲ್ಲಿ ಅಲಹಾಬಾದ್ ಹೈಕೋರ್ಟು, ಜೋಡಿಯೇ ಬರೆದುಕೊಟ್ಟು ಕೇಳದ ಹೊರತು ನೋಟಿಸು ಪ್ರಕಟಿಸುವಂತಿಲ್ಲ ಎಂದಿತು. ಕಾಯ್ದೆಯ ಪುಸ್ತಕದಿಂದಲೂ ನೋಟಿಸು ಪ್ರಕಟಿಸುವ ಕಲಮನ್ನು ಸಂಸತ್ತು ತೆಗೆದುಹಾಕಲಿ ಎಂದು ನಾನು ಕೇಳುತ್ತಿದ್ದೇನೆ. ನೀವು ತಾಲ್ಲೂಕು ಕಚೇರಿಯಲ್ಲಿರಿ, ಕೋರ್ಟಿನಲ್ಲಿರಿ. ಮದುವೆಯಾಗಲು ಬಂದ ಇಬ್ಬರು ವಯಸ್ಕರ ನಡುವೆ ಮೂರನೆಯವರಿಗೆ ಜಾಗ ಮಾಡಿಕೊಡಬೇಡಿ.

ಇಂತಿ,
ಒಬ್ಬ ಓದುಗ