ಕುಂದಾ ಎಂಬ ಕುಂದು

ಸಂದರ್ಶನಕ್ಕೆ ಹೊರಟಾಗ ಅಣ್ಣ ಹೇಳಿದ್ದು ಒಂದೇ ಮಾತು: "ತಮ್ಮಾ, ನೀ ನೀನಾಗೇ ಇರು." ಹಾಗೆಂದವನು ತನ್ನ ಕೋಟು, ತನ್ನ ಬೂಟು, ತನ್ನ ಟೈ ಎಲ್ಲ ನನಗೆ ತೊಡಿಸಿದ. ಕನ್ನಡಿಯಲ್ಲಿ ಅಣ್ಣನೇ ನಿಂತಿದ್ದ, ತುಸು ಸೊರಗಿ.

ಖಾನಾಪುರದಿಂದ ಬೆಳಗಾವಿಗೆ ಸುಮಾರು 26 ಕಿಲೋಮೀಟರ್. ಕನಕುಂಬಿಯಲ್ಲಿ ಮಲಪ್ರಭೆಯನ್ನೇ ಹುಟ್ಟಿಸಿದ ತಾಲ್ಲೂಕಿನ ಮಳೆಗೆ ನನ್ನ ಇಸ್ತ್ರಿ ಯಾವ ಲೆಕ್ಕ? ಬಸ್ಸಿನಲ್ಲಿ ಮುಂದಿನ ಸೀಟಿನ ಕಾಕಾನೊಡನೆ ಮರಾಠಿ, ಪಕ್ಕದ ಅಜ್ಜಿಯೊಡನೆ ಕನ್ನಡ, ಕಿಟಕಿಯೊಡನೆ ಇಂಗ್ಲಿಷು. 'ಪರಿಪೂರ್ಣತೆಯ ಹುಚ್ಚೇ ನನ್ನ ದೌರ್ಬಲ್ಯ' ಎಂಬ ಬಾಯಿಪಾಠದ ಉತ್ತರವನ್ನು ಆ ಕಿಟಕಿ ನಲವತ್ತು ಸಲವಾದರೂ ಕೇಳಿರಬೇಕು. ಇವರಲ್ಲಿ 'ನಾನು' ಯಾರೆಂದು ತಿಳಿಯುವಷ್ಟರಲ್ಲಿ ಉದ್ಯಮಬಾಗ ಬಂತು.

ಒಳಗೆ ಮೂವರು. ಪುಣ್ಯಕ್ಕೆ ಕನ್ನಡದಲ್ಲೇ ಕೇಳಿದರು: "ನಿಮ್ಮಲ್ಲಿರೋ ಕುಂದು ಯಾವುದ್ರೀ?"

ಬೆಳಿಗ್ಗೆಯಿಂದ ಉಪವಾಸವಿದ್ದ ಬೆಳಗಾವಿ ಜಿಲ್ಲೆಯ ಕಿವಿಗೆ ಕೇಳಿಸಿದ್ದು ನಮ್ಮ ಕಡೆಯ ಸಿಹಿತಿಂಡಿ 'ಕುಂದಾ'. "ಚಂದಾಗಿ ಕೆಂಪಗೆ ಹುರಿದದ್ದು ಬೇಕ್ರೀ ಸರ್. ಕಾಲು ಕೆಜಿ ಒಂದ ಏಟಿಗೆ ಮುಗಸ್ತೇನ್ರೀ!"

ಇಡೀ ದಿನದಲ್ಲಿ ನಾನು ನಾನಾಗಿ ಆಡಿದ ಮಾತು ಅದೊಂದೇ. ಕ್ಷಣ ಸುಮ್ಮನಿದ್ದು, ಹಿರಿಯರೊಬ್ಬರು ಕನ್ನಡಕ ತೆಗೆದರು. "ಯಾವ ಅಂಗಡೀದು?"

ಮುಂದಿನದೆಲ್ಲ ಅದೇ ವಾದ. ನೌಕರಿಯ ಸುದ್ದಿ ಯಾರೂ ಎತ್ತಲಿಲ್ಲ, ನಾನೂ ಸೇರಿ. ಮರಳುವಾಗ ಕೈಯಲ್ಲಿ ಅರ್ಧ ಕೆಜಿಯ ಡಬ್ಬಿ ಇತ್ತು. ಟೈ ಎಲ್ಲಿ ಬಿತ್ತೆಂದು ಅಣ್ಣ ಇನ್ನೂ ಕೇಳುತ್ತಿದ್ದಾನೆ.