ಕೋಟಿಯ ಕಾಂಗ್ರೆಸ್ ಗಿಡ

ಬೆಂಗಳೂರಿನ ಕೆಂಗೇರಿ ಕಡೆಯ ಸರ್ ಎಂ. ವಿಶ್ವೇಶ್ವರಯ್ಯ ಬಡಾವಣೆಯಲ್ಲಿ ಒಂದು ಸುತ್ತು ಹಾಕಿ. ಮನೆಗಳ ನಡುನಡುವೆ ಕಾಂಗ್ರೆಸ್ ಗಿಡದ ಬೆಳೆ ಹುಲುಸಾಗಿದೆ. ಸುತ್ತ ತಂತಿಬೇಲಿ, ಒಳಗೊಂದು ಬೋರ್ಡು: ‘ಈ ಸ್ವತ್ತು ಮಾರಾಟಕ್ಕಿಲ್ಲ.’ ಮಾರಾಟಕ್ಕಿಲ್ಲ, ಬಾಡಿಗೆಗಿಲ್ಲ, ವಾಸಕ್ಕೂ ಇಲ್ಲ. ಮತ್ತೆ ಯಾತಕ್ಕೆ? ಸುಮ್ಮನೆ ಇರಲಿಕ್ಕೆ! ಹಿಂದೆ ನಿಧಿಯನ್ನು ಹಾವು ಕಾಯುತ್ತಿತ್ತಂತೆ. ಇಲ್ಲೂ ಹಾವಿದೆ. ಹಿಡಿಯುವವರಿಗೆ ಫೋನ್ ಮಾಡುವ ಕರ್ಮ ಮಾತ್ರ ಪಕ್ಕದ ಮನೆಯವರದು.

ನಾಡಿನ ದುಡ್ಡು ಉದ್ಯಮ, ವ್ಯಾಪಾರಗಳಿಗೆ ಹರಿಯಲೆಂದು 1913ರಲ್ಲಿ ಮೈಸೂರು ಬ್ಯಾಂಕಿನ ಹುಟ್ಟಿಗೆ ಕಾರಣರಾದ ದಿವಾನರ ಹೆಸರನ್ನೇ ಈ ಬಡಾವಣೆಗೆ ಇಟ್ಟಿದ್ದೇವೆ. ಅವರ ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕಿನ ಹೊಟ್ಟೆ ಸೇರಿತು, ಅವರ ಹೆಸರಿನ ಬಡಾವಣೆಯಲ್ಲಿ ದುಡ್ಡು ಹರಿಯದೆ ಸೈಟಾಗಿ ನಿಂತಿದೆ. ಸೈಟು ಹಂಚುವಾಗ ಇಂತಿಷ್ಟು ವರ್ಷದೊಳಗೆ ಮನೆ ಕಟ್ಟಿ ಎಂದು ಬಿಡಿಎ ಷರತ್ತು ಹಾಕುತ್ತದೆ, ಕಟ್ಟದಿದ್ದರೆ ದಂಡ. ಏರುವ ರೇಟಿನ ಮುಂದೆ ಆ ದಂಡ ಕಾಫಿ ಖರ್ಚು.

ಇಂಥ ಸೈಟಿನ ಯಜಮಾನರು ಬಸವೇಶ್ವರನಗರದಲ್ಲಿ ಸಿಗುತ್ತಾರೆ. ನಿವೃತ್ತರು, ಸಜ್ಜನರು, ಕೊತ್ತಂಬರಿ ಕಟ್ಟಿಗೆ ಐದು ರೂಪಾಯಿ ಚೌಕಾಸಿ ಮಾಡುವವರು. ಹೆಂಡತಿಯ ಮೊಣಕಾಲು ಸವೆದಿದೆ.

‘ರೀ, ಆ ಸೈಟ್ ಮಾರಿ ನನ್ನ ಕಾಲಿಗೊಂದು ದಾರಿ ಮಾಡ್ರೀ.’

‘ಮೆಟ್ರೋ ಬರ್ಲಿ ತಡಿಯೇ.’

2021ರಲ್ಲಿ ಮೆಟ್ರೋ ಕೆಂಗೇರಿಗೆ ಬಂದೇ ಬಂತು.

‘ಈಗ ರೇಟು ಏರ್ತಾ ಇದೆ. ಈಗ ಯಾರಾದ್ರೂ ಮಾರ್ತಾರೇನೇ?’

ಜಿಪುಣತನ ಅಂದುಬಿಟ್ಟರೆ ಅನ್ಯಾಯವಾದೀತು. ಸೈಟು ಮಾರಿ ಖರ್ಚು ಮಾಡಿದ ದಿನ ಅವರು ಮಾಮೂಲಿ ಪಿಂಚಣಿದಾರರು. ಮಾರದಿರುವ ತನಕ ಕೋಟ್ಯಧಿಪತಿ. ಮಗನಿಗಾಗಿ ಇಟ್ಟಿದ್ದೇನೆ ಎನ್ನುತ್ತಾರೆ. ಡಲ್ಲಾಸಿನಲ್ಲಿರುವ ಆ ಮಗನಿಗೆ ಕೆಂಗೇರಿಯ ದಾರಿಯೇ ಮರೆತಿದೆ.

ಇನ್ನು ಒಡವೆ. ತುಂಗಭದ್ರೆಯ ದಡದ ವಿಜಯನಗರದಲ್ಲಿ ಮುತ್ತುರತ್ನಗಳನ್ನು ಬಜಾರಿನಲ್ಲೇ ಬಹಿರಂಗವಾಗಿ ಮಾರುತ್ತಿದ್ದುದನ್ನು 1443ರಲ್ಲಿ ಬಂದ ರಾಯಭಾರಿ ಅಬ್ದುರ್ ರಜಾಕ್ ಬರೆದಿಟ್ಟಿದ್ದಾನೆ. ಮಾಗಡಿ ರಸ್ತೆ ಪಕ್ಕದ ನಮ್ಮ ವಿಜಯನಗರಕ್ಕೆ ಬಂದಿದ್ದರೆ ಪಾಪ, ಲಾಕರಿನ ಬಾಗಿಲು ನೋಡಿಕೊಂಡು ಹೋಗಬೇಕಿತ್ತು. ಆ ಲಾಕರಿನಲ್ಲಿಟ್ಟದ್ದು ಕಳುವಾದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ 100 ಪಟ್ಟು ಮಾತ್ರ ಎಂಬ ನಿಯಮ 2022ರಿಂದ ಜಾರಿಯಲ್ಲಿದೆ. ಮೂರು ಸಾವಿರ ಬಾಡಿಗೆಗೆ ಮೂರು ಲಕ್ಷ. ಇಂದಿನ ಚಿನ್ನದ ದರದಲ್ಲಿ ಅದು ಅಜ್ಜಿಯ ಕಾಸಿನ ಸರಕ್ಕೂ ಸಾಲದು. ಮದುವೆಗೆ ಹಾಕಿಕೊಳ್ಳೋಣವೆಂದರೆ ಸರಗಳ್ಳರ ಭಯ. ಹಾಗಾಗಿ ಮೈಮೇಲೆ ಒಂದು ಗ್ರಾಂ ಚಿನ್ನದ ನಕಲಿ ಸೆಟ್ಟು.

ಬಸವ ಜಯಂತಿಯಂದು ಆ ಸೈಟಿನ ಯಜಮಾನರದೇ ಭಾಷಣ. ಶರಣ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದದ್ದು, ಮಿಕ್ಕಿದ್ದನ್ನು ಅಲ್ಲೇ ಸುರಿದು ಬನ್ನಿ ಎಂದು ಹೆಂಡತಿ ಲಕ್ಕಮ್ಮ ಹಿಂದಕ್ಕಟ್ಟಿದ್ದು ಹೇಳುವಾಗ ಅವರ ಗಂಟಲು ಕಟ್ಟುತ್ತದೆ, ಕಣ್ಣು ತುಂಬುತ್ತದೆ. ವೇದಿಕೆ ಇಳಿದು, ಪ್ರಸಾದಕ್ಕೆ ಮನೆಯಿಂದ ತಂದಿದ್ದ ಎರಡು ಡಬ್ಬಿ ತುಂಬಿಸಿಕೊಂಡು, ಪಕ್ಕದವರ ಕಿವಿಗೆ ಬಾಗುತ್ತಾರೆ:

‘ಚಲ್ಲಘಟ್ಟದ ಕಡೆ ಯಾವ್ದಾದ್ರೂ ಸೈಟ್ ಇದ್ರೆ ಹೇಳ್ರೀ. ಮೂವತ್ತು ನಲವತ್ತಾದ್ರೂ ಪರವಾಗಿಲ್ಲ.’